ಎಳೆಬಿಸಿಲಿನ ಗೆರೆ

ಸ್ವೀಡನ್ ದೇಶದ ಒಂದು ಕಾಡಿನ ಅಂಚಿನಲ್ಲಿ ನಾನು ವಿನ್ಯಾಸ ಮಾಡಿದ ಮನೆಯೊಂದಿದೆ. ಇದನ್ನು ಹೇಳಿದಾಗೆಲ್ಲ ಜನ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ನೋಡಲಿ. ನಾನು ಆ ದೇಶಕ್ಕೆ ಇವತ್ತಿನವರೆಗೂ ಕಾಲಿಟ್ಟವಳಲ್ಲ. ಹಿಮ ಎಂದು ನಾನು ಕಂಡದ್ದು ದುಬೈಯ ಅಲ್ ಬರ್ಷಾದ ಮಾಲಿನೊಳಗಿನ ಯಂತ್ರದ ಹಿಮವನ್ನು, ದಪ್ಪ ಗಾಜಿನ ಆಚೆ, ಕೈಯಲ್ಲಿ ಐಸ್‌ಕ್ರೀಮ್ ಹಿಡಿದುಕೊಂಡು. ಇನ್ನೂ ನಿಜ ಹೇಳಬೇಕೆಂದರೆ, ಆ ಮನೆಯನ್ನು ನಾನು ಮೊದಲು ಬಿಡಿಸಿದ್ದೇ ಹಿಂದುಮುಂದಾಗಿ.

ಉಡುಪಿಯ ಕಡೆಯ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಎರಡು ವರ್ಷ ಒಬ್ಬ ಎಂಜಿನಿಯರರ ಕೈಕೆಳಗೆ ಗೆರೆ ಎಳೆದು, ಮದುವೆಯಾಗಿ, ಗಂಡನ ವೀಸಾದ ಮೇಲೆ ದುಬೈಗೆ ಬಂದವಳು ನಾನು. ಮಗಳು ಹುಟ್ಟಿದಳು. ಇವತ್ತು ನಾಳೆ ಎನ್ನುತ್ತ ಎಂಟು ವರ್ಷ ಕಳೆಯಿತು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಹಗಲು ಇಷ್ಟುದ್ದ ಆಗಿ, ಮನೆಯಲ್ಲಿ ಕೂತು ಕೂತು ಎಲ್ಲರ ಮೇಲೂ ಹರಿಹಾಯುವುದು ಅಭ್ಯಾಸವಾಯಿತು. ಕೊನೆಗೆ ಗಂಡನೇ ಕೈಮುಗಿದು, "ನೀನು ಎಲ್ಲಿಯಾದರೂ ಕೆಲಸಕ್ಕೆ ಸೇರು ಮಾರಾಯ್ತಿ, ನಮ್ಮಿಬ್ಬರಿಗೂ ಸ್ವಲ್ಪ ಉಸಿರಾಡ್ಲಿಕ್ಕೆ ಆಗ್ತದೆ" ಎಂದ.

ಆಗ ಅಮ್ಮ ಚಳಿಗಾಲದ ವಿಸಿಟ್ ವೀಸಾದಲ್ಲಿ ನಮ್ಮ ಜೊತೆಗಿದ್ದಳು. ಅವಳಿಗೆ ಖುಷಿಯಾಗುತ್ತದೆ ಅಂದುಕೊಂಡೆ. ಅವಳು ಬಸಳೆ ಸೊಪ್ಪು ಬಿಡಿಸುತ್ತ, ತಲೆಯನ್ನೂ ಎತ್ತದೆ, "ಎಂಟು ವರ್ಷ ಬಿಟ್ಟ ಕೆಲಸ. ಕೈ ಹೋಗಿರ್ತದೆ ಮಗಾ" ಎಂದಳು.

ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ದಿನ ಬಸಳೆ ಊಟ ಮಾಡಲಿಲ್ಲ. ಸಿಟ್ಟು ಬಂದದ್ದು ಅವಳು ಸುಳ್ಳು ಹೇಳಿದ್ದಕ್ಕಲ್ಲ. ಅದೇ ಮಾತು ನನ್ನ ಹೊಟ್ಟೆಯೊಳಗೂ ಇತ್ತು, ಅದಕ್ಕೆ.

ಕೆಲಸ ಸಿಕ್ಕಿತು. ನಮ್ಮ ಫ್ಲ್ಯಾಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಆರು ಜನರ ಸಣ್ಣ ಆಫೀಸು. ಯಜಮಾನರು ಮೈಸೂರಿನ ಕಡೆಯ ಆರ್ಕಿಟೆಕ್ಟು. ಐವತ್ತು ದಾಟಿದವರು, ಬಾಯಿ ಜೋರು, ಮನಸ್ಸು ಮೆತ್ತಗೆ. "ಮೂರು ತಿಂಗಳು ನೋಡೋಣಮ್ಮಾ. ಆಮೇಲೆ ನಿಮಗೂ ಗೊತ್ತಾಗತ್ತೆ, ನಮಗೂ ಗೊತ್ತಾಗತ್ತೆ" ಎಂದರು. ಮೊದಲ ಒಂದು ತಿಂಗಳು ನಾನು ಮಾಡಿದ್ದು ಬೇರೆಯವರ ಮೆಟ್ಟಿಲು, ಬೇರೆಯವರ ಬಾಗಿಲು ಕಂಪ್ಯೂಟರಿನಲ್ಲಿ ನಕಲು ಮಾಡುವ ಕೆಲಸ. ಪ್ರತಿ ನಕ್ಷೆಯ ಕೆಳಗೆ ಬಲಮೂಲೆಯಲ್ಲಿ ಸಣ್ಣ ಚೌಕಗಳಿರುತ್ತವೆ. ವಿನ್ಯಾಸ ಯಾರದ್ದು, ಗೆರೆ ಎಳೆದವರು ಯಾರು, ಪರಿಶೀಲಿಸಿದವರು ಯಾರು ಎಂದು ಮೂರು ಚೌಕ. ಎರಡನೆಯದರಲ್ಲಿ ನನ್ನ ಹೆಸರಿನ ಮೊದಲ ಎರಡು ಅಕ್ಷರ ಬೀಳುತ್ತಿತ್ತು. ನನ್ನ ಕಣ್ಣು ಮಾತ್ರ ಯಾವಾಗಲೂ ಮೊದಲನೆಯದರ ಮೇಲೆ.

ಜನವರಿಯಲ್ಲಿ ಆ ಸ್ವೀಡನ್ನಿನ ಹೆಂಗಸು ಬಂದರು. ಅವರ ಸಂಸಾರ ದುಬೈಯದೇ ಮಿರ್ದಿಫ್‌ನಲ್ಲಿ ಬಾಡಿಗೆ ವಿಲ್ಲಾದಲ್ಲಿತ್ತು. ಅದರ ಅಡಿಗೆಮನೆಯನ್ನು ಹಿಂದೊಮ್ಮೆ ನಮ್ಮ ಯಜಮಾನರೇ ಸರಿಮಾಡಿಕೊಟ್ಟಿದ್ದರಂತೆ. ಬೇಸಿಗೆಯಲ್ಲಿ ದುಬೈ ಬಿಟ್ಟು ತಮ್ಮ ದೇಶಕ್ಕೆ ಹೋಗುವವರಿದ್ದರು. ಅಲ್ಲಿ ಕಾಡಿನ ಪಕ್ಕ ಜಾಗ ಇತ್ತು. ಹಿಮದ ಭಾರ, ಅಲ್ಲಿಯ ಕಾನೂನು ಎಲ್ಲ ಅಲ್ಲಿಯ ಎಂಜಿನಿಯರ್ ನೋಡಿಕೊಳ್ಳುತ್ತಾನೆ, ಆದರೆ ಮನೆಯ ರೂಪವನ್ನು ಎದುರು ಬದುರು ಕೂತು ತೀರ್ಮಾನ ಮಾಡಬೇಕೆಂಬುದು ಅವರ ಆಸೆ. ಉತ್ತರಕ್ಕೆ ಕಾಡು, ದಕ್ಷಿಣಕ್ಕೆ ಇಳಿಜಾರು ಹುಲ್ಲುಗಾವಲು, ಅದರಾಚೆ ಕೆರೆ. ಗಂಡ, ಹೆಂಡತಿ, ನಾಲ್ಕು ವರ್ಷದ ಮಗ, ಎರಡು ತಿಂಗಳ ಹೆಣ್ಣು ಮಗು ಇರುವ ಸಾಧಾರಣ ಮನೆ.

ಯಜಮಾನರಿಗೆ ಆಗ ಅಬುಧಾಬಿಯಲ್ಲಿ ದೊಡ್ಡ ಕೆಲಸ. ವಾರದಲ್ಲಿ ಮೂರು ದಿನ ಹಮ್ದಾನ್ ಸ್ಟ್ರೀಟಿನ ಕ್ಲೈಂಟಿನ ಆಫೀಸಿನಲ್ಲೇ ಇರುತ್ತಿದ್ದರು. ಕಾರಿನ ಕೀಲಿ ಎತ್ತಿಕೊಳ್ಳುತ್ತ, "ಸಣ್ಣ ಮನೆ. ನೀವೇ ಒಂದು ಕೈ ನೋಡಿಮ್ಮಾ" ಎಂದು ಹೇಳಿ ಹೊರಟೇಬಿಟ್ಟರು. ನಾನು ಬಚ್ಚಲಿಗೆ ಹೋಗಿ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡು ಬಂದೆ.

ಹತ್ತು ದಿನ ಕೂತು ಬಿಡಿಸಿದೆ. ಕಾಡಿನ ಪಕ್ಕದ ಮನೆ ಅಂದ ಮೇಲೆ ಕಾಡು ಕಾಣಬೇಕು. ಉತ್ತರಕ್ಕೆ ನೆಲದಿಂದ ಮಾಡಿನವರೆಗೆ ಗಾಜು ಇಟ್ಟೆ. ಹಾಲ್, ಊಟದ ಜಾಗ, ಮಕ್ಕಳ ಕೋಣೆ ಎಲ್ಲ ಆ ಕಡೆಗೆ. ದಕ್ಷಿಣಕ್ಕೆ ಬಚ್ಚಲು, ಉಗ್ರಾಣ, ಮೆಟ್ಟಿಲು. ದಕ್ಷಿಣದ ಗೋಡೆಯಲ್ಲಿ ಎರಡೇ ಎರಡು ಸೀಳು ಕಿಟಕಿ, ಅದರ ಮೇಲೂ ಬಿಸಿಲು ತಡೆಯಲು ನಾಲ್ಕು ಅಡಿಯ ಸಜ್ಜಾ. ಪಶ್ಚಿಮಕ್ಕೆ ಬೋಳು ಗೋಡೆ. ಆಫೀಸಿನ ಎಲ್ಲರೂ ಬಂದು ನೋಡಿದರು. ಒಬ್ಬರೂ ಹುಬ್ಬು ಏರಿಸಲಿಲ್ಲ. ಯಜಮಾನರಂತೂ ಟೇಬಲ್ ತಟ್ಟಿದರು.

"ಚೆನ್ನಾಗಿ ತಿರುಗಿಸಿದೀರಿ ಕಣಮ್ಮಾ. ಏಸಿ ಲೋಡೇ ಇಲ್ಲ!"

ಸ್ವೀಡನ್ನಿನ ಕಾಡಿನಲ್ಲಿ ಏಸಿ. ನಾವು ಆರು ಜನ ಓದಿದವರು, ಒಬ್ಬರಿಗೂ ನಗು ಬರಲಿಲ್ಲ.

ಆ ಹೆಂಗಸು ಬಂದು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಕಾಗದವನ್ನು ಉಲ್ಟಾ ತಿರುಗಿಸಿ ಇನ್ನೊಮ್ಮೆ ನೋಡಿದರು. ಆಮೇಲೆ, "ಈ ಉತ್ತರ ದಿಕ್ಕಿನ ಬಾಣ ಸರಿಯಾಗಿದೆಯಾ?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ನಾನು ಜಂಬದಿಂದ, ಎರಡೆರಡು ಸಲ ನೋಡಿದ್ದೇನೆ, ತಪ್ಪುವ ಪ್ರಶ್ನೆಯೇ ಇಲ್ಲ ಎಂದೆ.

"ಹಾಗಾದರೆ ವರ್ಷವಿಡೀ ಸೂರ್ಯ ನನ್ನ ಬಚ್ಚಲಿನಲ್ಲೇ ವಾಸ ಮಾಡುತ್ತಾನೆ" ಎಂದರು ಅವರು.

ಅವರು ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು. ಅವರ ಊರಿನಲ್ಲಿ ಚಳಿಗಾಲದ ಸೂರ್ಯ ಬರುವುದೇ ದಕ್ಷಿಣದಿಂದ, ಅದೂ ಕೆಲವು ಗಂಟೆ. ಜನ ಅವನಿಗಾಗಿ ಕಾಯುತ್ತಾರೆ. ನಾನು ಅವನ ಮುಖಕ್ಕೆ ಗೋಡೆ ಕಟ್ಟಿ, ಕದ ಹಾಕಿ, ಮೇಲಿಂದ ಕೊಡೆ ಬೇರೆ ಹಿಡಿದಿದ್ದೆ. ಯಜಮಾನರು ಕೂಡಲೇ, "ಅವರು ಹೊಸಬರು, ಮೇಡಂ. ಇನ್ನು ನಾನೇ ನೋಡ್ತೀನಿ" ಎಂದುಬಿಟ್ಟರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನಿಸಿತು.

ಆ ಹೆಂಗಸು ಕೆಳಗೆ ಇಳಿದದ್ದೇ ನಾನು ಯಜಮಾನರ ಟೇಬಲಿನ ಮುಂದೆ ನಿಂತೆ. "ಏಸಿ ಲೋಡ್ ಇಲ್ಲ ಅಂತ ಹೇಳಿದ್ದು ಯಾರು ಸರ್?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನೇ ಕಣಮ್ಮಾ. ಇಪ್ಪತ್ತೆರಡು ವರ್ಷ ಆಯ್ತು ಈ ಮರಳಲ್ಲಿ. ತಲೆ ಹಂಗೇ ತಿರುಗಿಬಿಟ್ಟಿದೆ" ಎಂದು ನಕ್ಕರು. ನಕ್ಕರೇ ಹೊರತು ಕೆಲಸ ವಾಪಸ್ಸು ಕೊಡಲಿಲ್ಲ. ನಾನು ಮತ್ತೆ ಯಾರದೋ ಮೆಟ್ಟಿಲಿನ ಮುಂದೆ ಕೂತೆ. ಮೂರು ತಿಂಗಳು ಮುಗಿಯಲು ಐದು ವಾರ ಉಳಿದಿತ್ತು.

ಆ ವಾರವೇ ಆ ಹೆಂಗಸಿನ ಫೋನು ಬಂತು. ಹಿಂಬಾಗಿಲ ಪಕ್ಕದ ಒದ್ದೆ ಬಟ್ಟೆಯ ಕೋಣೆ ಯಾರ ಕೆಲಸ ಎಂದು ಕೇಳಿದರು. ನಾನು ಹಿಂಬಾಗಿಲಿನ ಹತ್ತಿರ ಸಣ್ಣದೊಂದು ಕೋಣೆ ಮಾಡಿ, ಬಿಸಿನೀರಿನ ಕೊಳವೆಗಳ ಮೇಲೆ ಗಳ ಕಟ್ಟಿ, ಕೋಟು ಬೂಟು ಒಣಗಿಸಲು ಜಾಗ ಇಟ್ಟಿದ್ದೆ. ಯಾರೂ ಕೇಳಿರಲಿಲ್ಲ. ಊರಿನಲ್ಲಿ ಜೂನ್ ತಿಂಗಳ ಮಳೆಗೆ ಬಚ್ಚಲ ಒಲೆಯ ಮೇಲೆ ಒಣಗಿಸಿದ ಯೂನಿಫಾರ್ಮನ್ನು, ಹೊಗೆ ವಾಸನೆ ಸಮೇತ, ಹತ್ತು ವರ್ಷ ಹಾಕಿಕೊಂಡವಳಿಗೆ ಅದು ಕೇಳದೆಯೂ ಗೊತ್ತಿರುತ್ತದೆ. "ನಮ್ಮ ದೇಶದ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಅದು ಗೊತ್ತಿದ್ದವರಿಗೆ ಬಿಸಿಲೂ ಗೊತ್ತಾಗುತ್ತದೆ. ಶುಕ್ರವಾರ ಬೆಳಗ್ಗೆ ಮನೆಗೆ ಬನ್ನಿ" ಎಂದರು ಅವರು.

ಶುಕ್ರವಾರ ಗಂಡ ಕಾರಿನಲ್ಲಿ ಮಿರ್ದಿಫ್‌ಗೆ ಬಿಟ್ಟುಹೋದ. ಗಂಟೆ ಎಂಟು. ಅವರು ನಾಲ್ಕೂ ಜನ ವಿಲ್ಲಾದ ಅಂಗಳದಲ್ಲಿ ಗೋಡೆಗೆ ಬೆನ್ನು ಕೊಟ್ಟು, ಮುಖ ಸೂರ್ಯನ ಕಡೆಗೆ ಎತ್ತಿ, ಕಣ್ಣು ಮುಚ್ಚಿ ಕೂತಿದ್ದರು. ಕಾಫಿ ಆರುತ್ತಿತ್ತು. ನನಗೂ ಒಂದು ಕುರ್ಚಿ ಇಟ್ಟಿದ್ದರು. ನಾನು ನಮಸ್ಕಾರ ಹೇಳಿ, ಆ ಕುರ್ಚಿಯನ್ನು ಎಳೆದುಕೊಂಡು ಹೋಗಿ ಕಾರ್ ಶೆಡ್ಡಿನ ನೆರಳಿನಲ್ಲಿ ಹಾಕಿ ಕೂತೆ.

ಆ ಹೆಂಗಸು ನಗತೊಡಗಿದರು. ಕಾಫಿ ಚೆಲ್ಲುವಷ್ಟು ನಕ್ಕರು. "ನೋಡಿ, ಇದೇ ನಿಮ್ಮ ನಕ್ಷೆ" ಎಂದು ನನ್ನ ಕುರ್ಚಿಯನ್ನು ತೋರಿಸಿದರು. ಕುರ್ಚಿ ಎಳೆದದ್ದು ನನಗೇ ಗೊತ್ತಿರಲಿಲ್ಲ. ನನಗೂ ನಗು ಬಂತು, ಜೊತೆಗೆ ಸಣ್ಣಗೆ ಅಳುವೂ.

ನಿಮ್ಮ ಭಾಷೆಯಲ್ಲಿ ಇದಕ್ಕೆ ಏನು ಹೇಳುತ್ತೀರಿ ಎಂದು ಅವರು ಅಂಗಳದ ಬೆಳಕನ್ನು ತೋರಿಸಿ ಕೇಳಿದರು. ಬಿಸಿಲು ಎಂದೆ. ಬಿಸಿ ಎಂದರೆ ಏನೆಂದೂ ಹೇಳಿದೆ. ಹೇಳುವಾಗಲೇ ನನಗೆ ಹೊಳೆಯಿತು, ನಮ್ಮ ಮಾತಿನೊಳಗೇ ಬಿಸಿ ಕೂತಿದೆ, ಇನ್ನು ನಾನು ಗೋಡೆ ಕಟ್ಟದೆ ಇರುತ್ತೇನೆಯೇ! ಅವರು, "ನಮ್ಮದರಲ್ಲಿ ಬಿಸಿ ಇಲ್ಲ. ಬೆಳಕು ಮಾತ್ರ" ಎನ್ನುತ್ತ ತೊಡೆಯ ಮೇಲಿದ್ದ ಕೂಸಿನ ಕಾಲುಚೀಲ ಬಿಚ್ಚಿದರು. ಎರಡು ತಿಂಗಳ ಮಗು ಎರಡೂ ಕಾಲನ್ನು ಬೆಳಕಿನಲ್ಲಿ ಚಾಚಿ ಬೆರಳು ಅಗಲಿಸಿತು.

ನಾನು ಅದನ್ನು ಮೊದಲೇ ನೋಡಿದ್ದೆ. ಮಗಳು ಹುಟ್ಟಿದಾಗ ಬಾಣಂತನಕ್ಕೆ ಬಂದ ಅಮ್ಮ ದಿನಾ ಬೆಳಗ್ಗೆ ಮಗುವಿಗೆ ಎಣ್ಣೆ ಹಚ್ಚಿ, ಮಲಗುವ ಕೋಣೆಯ ಬಾಲ್ಕನಿಯಲ್ಲಿ ಕಾಲು ನೀಡಿ ಕೂತು, ಕಾಲಿನ ಮೇಲೆ ಅದನ್ನು ಮಲಗಿಸಿಕೊಳ್ಳುತ್ತಿದ್ದಳು. ನಾನು ಒಳಗಿನಿಂದ ಪರದೆ ಎಳೆದರೆ ಬೈಯುತ್ತಿದ್ದಳು. "ಇದು ಬಿಸಿಲಲ್ಲ, ಎಳೆಬಿಸಿಲು. ಎರಡೂ ಒಂದೇ ಅಂತ ನಿನಗೆ ಯಾರು ಹೇಳಿದ್ದು?" ಆಗ ಅದು ನನಗೆ ಬರೀ ಅಜ್ಜಿಯರ ಹಟದ ಹಾಗೆ ಕೇಳಿತ್ತು. ಅಮ್ಮ ಊರಿಗೆ ಹೋದ ಮೇಲೆ ಪರದೆ ಮುಚ್ಚಿದ್ದೆ. ಏಳು ವರ್ಷ ಅದು ಮುಚ್ಚಿಯೇ ಇತ್ತು; ಅವಳು ಬಂದಾಗ ತೆರೆಯುವುದು, ನಾನು ಮುಚ್ಚುವುದು, ಇದೊಂದು ಜಗಳ ನಮ್ಮ ಮನೆಯಲ್ಲಿ ಪ್ರತಿ ಚಳಿಗಾಲಕ್ಕೂ ಇತ್ತು.

ಆಗ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಆಫೀಸಿಗೆ ಹೋಗಿ ಯಜಮಾನರಿಗೆ, "ಗುರುವಾರದವರೆಗೆ ಕೊಡಿ ಸರ್. ಆಗದಿದ್ದರೆ ನಾನೇ ಚೀಲ ಎತ್ತಿಕೊಂಡು ಹೋಗ್ತೇನೆ" ಎಂದೆ. ಹೀಗೆಲ್ಲ ಧಿಮಾಕಿನ ಮಾತು ಬಾಯಿಗೆ ಬಂದುಬಿಡುತ್ತದೆ ನನಗೆ. ಅವರು ನನ್ನ ಮುಖ ನೋಡಿ, "ಗುರುವಾರ ಅಂದ್ರೆ ಗುರುವಾರ" ಎಂದರು.

ಮೊದಲ ಸಲ ನಾನು ಕೋಣೆಗಳಿಂದ ಶುರು ಮಾಡಿದ್ದೆ. ಈ ಸಲ ಸೂರ್ಯನಿಂದ ಶುರು ಮಾಡಿದೆ. ಸೂರ್ಯನ ಚಲನೆಯ ಪಟ್ಟಿ ತೆಗೆದು ನೋಡಿದರೆ, ಅವರ ಊರಿನ ಅತಿ ಸಣ್ಣ ಹಗಲಿನ ನಡುಮಧ್ಯಾಹ್ನಕ್ಕೆ ಸೂರ್ಯ ಎಷ್ಟು ಎತ್ತರ ಇರುತ್ತಾನೋ, ದುಬೈಯಲ್ಲಿ ಆ ದಿನಗಳ ಬೆಳಗ್ಗೆ ಏಳೂಮುಕ್ಕಾಲಿಗೆ ಹೆಚ್ಚುಕಡಿಮೆ ಅಷ್ಟೇ. ಮರುದಿನ ಬೆಳಗ್ಗೆ ಮಲಗುವ ಕೋಣೆಯ ಪರದೆಯನ್ನು ನಾನೇ ಪೂರ್ತಿ ಸರಿಸಿದೆ. ಎದುರಿನ ಜಾಗ ಆಗಿನ್ನೂ ಖಾಲಿ ಮರಳು. ಬೆಳಕು ಬಾಲ್ಕನಿ ದಾಟಿ, ಮಂಚ ದಾಟಿ, ಆಚೆ ಗೋಡೆಯ ಕಪಾಟಿನ ಮೇಲೆ ಬಂದು ನಿಂತಿತು. ನಾನು ಪೆನ್ಸಿಲಿನಲ್ಲಿ ಕಪಾಟಿನ ಮೇಲೆ ಗುರುತು ಹಾಕಿದೆ.

"ಬಾಡಿಗೆ ಮನೆ ಮಾರಾಯ್ತಿ!" ಎಂದು ಗಂಡ ಹೌಹಾರಿದ. ಮಗಳು ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡೇ ಬೆಳಕಿಗೆ ಅಡ್ಡ ನಿಂತು, "ಅಮ್ಮಾ ಲುಕ್, ಮೈ ಶ್ಯಾಡೋ ಇಸ್ ಆನ್ ದ ಕಬರ್ಡ್!" ಎಂದು ಕುಣಿದಳು. ಅಮ್ಮ ಬಾಗಿಲಿನಲ್ಲಿ ನಿಂತು ತೆರೆದ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ದೋಸೆ ಹೊಯ್ಯಲು ಹೋದಳು.

ನಾಲ್ಕು ದಿನ ಊಟದ ಡಬ್ಬಿ ಟೇಬಲಿನ ಮೇಲೇ ತೆರೆದು ಕೆಲಸ ಮಾಡಿದೆ. ದಕ್ಷಿಣಕ್ಕೆ ಉದ್ದಕ್ಕೂ ಕಿಟಕಿ. ಕಿಟಕಿಯ ಕೆಳಗೆ ಅಗಲವಾದ ಮರದ ಜಗಲಿ. ಒಬ್ಬ ಹೆಂಗಸು ಕಾಲು ನೀಡಿ ಕೂತು ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಳ್ಳುವಷ್ಟು ಅಗಲ. ಆ ಅಳತೆ ಯಾವ ಪುಸ್ತಕದಲ್ಲೂ ಇರಲಿಲ್ಲ, ಅಮ್ಮ ರಾತ್ರಿ ಮಲಗಿದ್ದಾಗ ಅವಳ ಕಾಲಿಗೆ ಟೇಪು ಹಿಡಿದು ತೆಗೆದದ್ದು. ಅಡಿಗೆಮನೆ, ಊಟ, ಆಟ ಎಲ್ಲ ಒಂದೇ ಉದ್ದದ ಕೋಣೆ, ನಡುವೆ ಗೋಡೆ ಇಲ್ಲ. ಬಚ್ಚಲು, ಉಗ್ರಾಣ ಉತ್ತರಕ್ಕೆ ಹೋದವು. ಒದ್ದೆ ಬಟ್ಟೆಯ ಕೋಣೆ ತನ್ನ ಜಾಗದಲ್ಲೇ ಉಳಿಯಿತು. ಕಾಡಿಗೆ ಮಾತ್ರ ಒಂದೇ ಒಂದು ಕಿಟಕಿ ಬಿಟ್ಟೆ, ದಕ್ಷಿಣದ ಕಿಟಕಿಗೆ ನೇರ ಎದುರಾಗಿ. ಮನೆಯನ್ನು ಅಡ್ಡ ಸೀಳಿ ತೋರಿಸುವ ನಕ್ಷೆಯಲ್ಲಿ ಒಂದು ಗೆರೆ ಎಳೆದೆ. ಅದು ದಕ್ಷಿಣದ ಗಾಜಿನಿಂದ ಒಳಗೆ ಬಂದು, ಜಗಲಿಯ ಮೇಲೆ ಹಾದು, ಇಡೀ ಮನೆ ದಾಟಿ, ಕಾಡಿನ ಕಿಟಕಿಯಿಂದ ಹೊರಬಿದ್ದು, ಮೊದಲ ಮರದ ಬುಡಕ್ಕೆ ಮುಟ್ಟುತ್ತಿತ್ತು. ಆಮೇಲೆ ಅಳಿಸಿದರಾಯಿತು ಎಂದು ಗೆರೆಯ ಉದ್ದಕ್ಕೂ ಕನ್ನಡದಲ್ಲಿ "ಎಳೆಬಿಸಿಲು" ಎಂದು ಬರೆದುಕೊಂಡೆ.

ಗುರುವಾರ ಯಜಮಾನರು ಆ ಗೆರೆಯ ಮೇಲೆ ಬೆರಳು ಓಡಿಸಿದರು. "ಗೆರೆ ಏನಮ್ಮಾ, ಎಲ್ಲಿಗೆ ಎಳೆದ್ರೂ ಹೋಗತ್ತೆ. ಬಿಸಿಲು ಹೋಗ್ಬೇಕಲ್ಲ?"

"ಹೋಗ್ತದೆ ಸರ್" ಎಂದೆ. ಎದೆಯೊಳಗೆ ಅಷ್ಟು ಧೈರ್ಯ ಇರಲಿಲ್ಲ.

ಅಳಿಸುವುದು ಮರೆತುಹೋಯಿತು. ಆ ಹೆಂಗಸು ನಕ್ಷೆ ನೋಡುತ್ತ ಆ ಅಕ್ಷರಗಳ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದಾಗ ನನ್ನ ಕಿವಿ ಬಿಸಿಯಾಯಿತು. ಹೇಳಿದೆ. ಅಮ್ಮ, ಎಣ್ಣೆ, ಬಾಲ್ಕನಿ, ಎಲ್ಲವನ್ನೂ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಆ ಅಕ್ಷರಗಳನ್ನು ಇನ್ನೊಮ್ಮೆ ಬೆರಳಿನಿಂದ ಸವರಿದರು. "ಅಳಿಸಬೇಡಿ. ಅಲ್ಲಿಯ ಬಡಗಿಯೂ ಇದನ್ನು ನೋಡಲಿ" ಎಂದರು.

ಮೂರು ತಿಂಗಳು ತುಂಬಿದ ದಿನ ಯಾರೂ ಏನೂ ಹೇಳಲಿಲ್ಲ. ಸಂಜೆ ಪ್ರಿಂಟರಿನಿಂದ ಆ ಮನೆಯ ಕೊನೆಯ ಹಾಳೆಗಳು ಬಂದವು. ಬಲಮೂಲೆಯ ಮೊದಲ ಚೌಕದಲ್ಲಿ ನನ್ನ ಎರಡಕ್ಷರ. ನಾನು ಹಾಳೆ ಹಿಡಿದುಕೊಂಡು ಯಜಮಾನರ ಹತ್ತಿರ ಹೋಗಿ, "ಒಂದು ಮಾತು ಹೇಳಬಾರದಿತ್ತಾ ಸರ್?" ಎಂದು ಜಗಳವಾಡುವ ಸ್ವರದಲ್ಲೇ ಕೇಳಿದೆ. "ಬರ್ದಿದೀನಲ್ಲಮ್ಮಾ, ಇನ್ನೇನು ಹೇಳೋದು. ಯಲ್ಲಾ, ಹೊರಡಿ, ಭಾನುವಾರ ಹೊಸ ಕೆಲಸ ಇದೆ" ಎಂದರು. ಖುಷಿ ಎಷ್ಟಾಯಿತೆಂದರೆ ಮೆಟ್ರೋ ಸ್ಟೇಷನ್ನಿನವರೆಗೆ ಸುಮ್ಮನೆ ನಡೆದು ವಾಪಸ್ಸು ಬಂದೆ.

ಕೆಲಸ ಉಳಿಯಿತು. ಆದರೆ ಆ ಗೆರೆಯ ಚಿಂತೆ ಹೋಗಲಿಲ್ಲ. ಆ ಸ್ವೀಡನ್ನಿನವರು ಬೇಸಿಗೆಯಲ್ಲಿ ತಮ್ಮ ಊರಿಗೆ ಹೋದರು. ಅಲ್ಲಿ ಮರದ ಗೋಡೆಗಳು ಕಾರ್ಖಾನೆಯಲ್ಲೇ ತಯಾರಾಗಿ ಲಾರಿಯಲ್ಲಿ ಬರುತ್ತವಂತೆ. ಡಿಸೆಂಬರಿನ ಹೊತ್ತಿಗೆ ಡಬ್ಬಗಳ ನಡುವೆಯೇ ವಾಸ ಶುರು ಮಾಡಿದರು. ಗೆರೆ ನಿಜವಾಗಿಯೂ ಮನೆ ದಾಟಿತೇ ಎಂದು ಕೇಳಲು ನನಗೆ ಭಯ. ಮೊದಲ ಸಲ ಅಷ್ಟು ಖಚಿತವಾಗಿ ತಪ್ಪಿದವಳಿಗೆ ಎರಡನೆಯ ಸಲ ತನ್ನ ಮೇಲೇ ನಂಬಿಕೆ ಬರುವುದು ಸುಲಭವಲ್ಲ.

ಅತಿ ಸಣ್ಣ ಹಗಲಿನ ದಿನ ಶನಿವಾರವೋ ಏನೋ, ರಜೆ ಇತ್ತು. ನಮ್ಮಲ್ಲಿ ಮಧ್ಯಾಹ್ನ ಮೂರೂಕಾಲು ಆಗಿರಬೇಕು. ಆ ವರ್ಷವೂ ಬಂದಿದ್ದ ಅಮ್ಮ ಅಕ್ಕಿ ಆರಿಸುತ್ತಿದ್ದಳು. ನನ್ನ ಫೋನಿಗೆ ಒಂದು ಚಿತ್ರ ಬಂತು. ಹೊರಗೆಲ್ಲ ಹಿಮ. ಒಳಗೆ ಆ ಮರದ ಜಗಲಿಯ ಮೇಲೆ ಮಗು ಬರೀ ಚಡ್ಡಿಯಲ್ಲಿ ಕಾಲು ಚಾಚಿ ಕೂತಿದೆ, ಮೈಮೇಲೆಲ್ಲ ಹಳದಿ ಬೆಳಕು. ಹಿಂದೆಯೇ ಇನ್ನೊಂದು ಚಿತ್ರ. ಕಾಡಿನ ಕಿಟಕಿಯಾಚೆ, ಮನೆಯದೇ ನೆರಳಿನ ನಡುವೆ, ಒಂದು ಮರದ ಕಾಂಡದ ಮೇಲೆ ಬಾಗಿಲಿನಷ್ಟು ಬಿಸಿಲು. ಕೆಳಗೆ ಅವರು ಇಂಗ್ಲಿಷ್ ಅಕ್ಷರಗಳಲ್ಲಿ, ಕಾಗುಣಿತ ತಪ್ಪಾಗಿ, ಎಳೆಬಿಸಿಲು ಎಂದು ಬರೆದಿದ್ದರು.

ನಾನು ಫೋನನ್ನು ಅಮ್ಮನ ಮುಂದೆ ಹಿಡಿದೆ. ಅವಳು ಕನ್ನಡಕ ಮೂಗಿಗೆ ಇಳಿಸಿ ಮೊದಲನೆಯ ಚಿತ್ರವನ್ನೇ ನೋಡಿದಳು. ಕಾಡು, ಹಿಮ, ಮನೆ ಯಾವುದೂ ಅವಳಿಗೆ ಬೇಡ.

"ಬಿಸಿಲು ಒಳ್ಳೇದುಂಟು. ಎಣ್ಣೆ ಹಚ್ಚಿದ್ದಾರಾ ಕೇಳು."

"ಅಮ್ಮಾ, ಆ ಮನೆ ನಾನು ಮಾಡಿದ್ದು."

"ಗೊತ್ತುಂಟು" ಎಂದು ಅವಳು ಮತ್ತೆ ಅಕ್ಕಿಯ ಗೆರಸಿಗೆ ಕೈ ಹಾಕಿದಳು. ಕಲ್ಲೊಂದನ್ನು ಆರಿಸಿ ಬದಿಗಿಟ್ಟು, ನನ್ನ ಕಡೆ ನೋಡದೆಯೇ ಹೇಳಿದಳು. "ನಿನ್ನ ಕೈ ಹೋಗಿರ್ಲಿಲ್ಲ ಮಗಾ. ನಾನು ಹೇಳಿದ್ದು ತಪ್ಪು."

ನಾನು ಎದ್ದು ಅವಳ ಪಕ್ಕ ಹೋಗಿ ಕೂತೆ. ಪಶ್ಚಿಮದ ಕಿಟಕಿಯಿಂದ ಇಳಿಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಎಣ್ಣೆಯ ವಿಷಯ ಬರೆದು ಕಳಿಸಿದೆ. ಪರದೆ ಎಳೆಯಲು ಏಳಲಿಲ್ಲ.